ಸಾನಪಾಡಾದವರು ಮುಂದುವರಿಸಿದ ಹೋಟೆಲು

ಠಾಣೆಯಿಂದ ವಾಶಿಗೆ ಹೋಗುವ ಗಾಡಿಯಲ್ಲಿ ನಾನು ಘಣಸೋಲಿಯಲ್ಲಿ ಇಳಿಯುತ್ತೇನೆ. ನನ್ನ ಆಫೀಸು ಅಲ್ಲಿ, ಮನೆ ಡೊಂಬಿವಲಿಯಲ್ಲಿ. ನಾನಿಳಿದ ಮೇಲೆ ಆ ಗಾಡಿ ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ಇಷ್ಟು ವರ್ಷ ನಾನು ಚಿಂತಿಸಿದ್ದಿಲ್ಲ. ಚಿಂತಿಸಲು ಬೇರೆ ವಿಷಯಗಳು ಧಾರಾಳವಾಗಿದ್ದವು. ಈಚೆಗೆ ಮಾತ್ರ, ಪ್ಲಾಟ್‌ಫಾರ್ಮಿನಲ್ಲಿ ನಿಂತು ಗಾಡಿಯ ಬೆನ್ನು ನೋಡುವಾಗ, ಅದು ಇನ್ನು ಸ್ವಲ್ಪ ಹೊತ್ತಿಗೆ ಸಾನಪಾಡಾ ಮುಟ್ಟುತ್ತದೆ ಎಂದು ನೆನಪಾಗಿ, ಕೊನೆಯ ಡಬ್ಬಿ ಮರೆಯಾಗುವವರೆಗೆ ಅಲ್ಲೇ ನಿಲ್ಲುತ್ತೇನೆ. ಸಾನಪಾಡಾದಲ್ಲಿ ಒಬ್ಬರಿದ್ದಾರೆ. ಅವರು ನನ್ನ ಹೆಂಡತಿಯ ಹೋಟೆಲನ್ನು ನನಗಿಂತ ಚೆನ್ನಾಗಿ ನಡೆಸುತ್ತಾರೆ.

ಹೋಟೆಲೆಂದರೆ ಕಂಪ್ಯೂಟರಿನೊಳಗಿನ ಹೋಟೆಲು, ಒಂದು ವೀಡಿಯೊ ಗೇಮ್. ಒಂದು ಸಣ್ಣ ಪೇಟೆ, ಅದರಲ್ಲೊಂದು ಖಾಲಿ ಅಂಗಡಿ. ಆಡುವವರು ಅಲ್ಲಿ ಮೇಜು ಕುರ್ಚಿ ಹಾಕಿ, ಒಲೆ ಹೂಡಿ, ಬೆಳಿಗ್ಗೆ ಬಾಗಿಲು ತೆರೆದು ಸಂಜೆ ಮುಚ್ಚಬೇಕು. ಗಿರಾಕಿಗಳು ಬರುತ್ತಾರೆ, ತಿನ್ನುತ್ತಾರೆ, ಮುಖ ಅರಳಿಸಿಕೊಂಡೋ ಕೆಂಪಗೆ ಮಾಡಿಕೊಂಡೋ ಹೋಗುತ್ತಾರೆ. ಮಗಳು ಕಾಲೇಜು ಸೇರಿದ ಮೇಲೆ ಮಧ್ಯಾಹ್ನ ಹೊತ್ತು ಹೋಗದೆ ಹೆಂಡತಿ ಇದನ್ನು ಹಿಡಿದಳು. ಆಮೇಲೆ ಮಗಳೇ ಒಂದು ಮೈಕು, ಒಂದು ಕ್ಯಾಮೆರಾ ಸಿಕ್ಕಿಸಿಕೊಟ್ಟು, ಆಡುವುದನ್ನು ಲೈವ್ ತೋರಿಸುವ ದಾರಿ ಹೇಳಿಕೊಟ್ಟಳು. ಗುರುವಾರ ಸಂಜೆ ಒಂದು ಲೈವ್, ಭಾನುವಾರ ಮಧ್ಯಾಹ್ನ ಒಂದು. ಆಡುತ್ತಾ ಹೆಂಡತಿ ಮಾತಾಡುತ್ತಾಳೆ, ಅಷ್ಟೇ. ನಮ್ಮ ಮನೆಯ ಕರಾವಳಿ ಕನ್ನಡ, ನಡುನಡುವೆ ಹಿಂದಿ, ಮರಾಠಿ. ಇಡ್ಲಿ ಏಕೆ ಉಬ್ಬಲಿಲ್ಲ, ಸೊಸೈಟಿಯ ಲಿಫ್ಟು ಯಾವಾಗ ಸರಿಯಾಗುತ್ತದೆ, ಇಂಥವು.

ಮೊದಮೊದಲು ನೋಡುತ್ತಿದ್ದವರು ಅವಳ ತಂಗಿ, ನಮ್ಮ ಮಗಳು ಮತ್ತು ನಾನು. ನಾನು ನೋಡುತ್ತಿದ್ದದ್ದು ಪ್ರೀತಿಯಿಂದ ಎಂದು ಹೇಳಿಕೊಳ್ಳಬಹುದು. ನಿಜವಾಗಿ ಹೆದರಿಕೆಯಿಂದ. ಯಾರಾದರೂ ಕೆಟ್ಟದಾಗಿ ಬರೆದರೆ? ಬ್ಯಾಂಕಿನ ಒಟಿಪಿ ಕೇಳಿದರೆ? ಅವಳ ಹಿಂದಿನ ಗೋಡೆಯ ತೇವದ ಕಲೆಯನ್ನು ಊರಿನವರು ನೋಡಿದರೆ? ಯಾರೂ ಏನೂ ಕೇಳಲಿಲ್ಲ. ಜನ ಸುಮ್ಮನೆ ಬರುತ್ತಾ ಹೋದರು. ದುಬೈಯಿಂದ, ಕಲ್ಯಾಣದಿಂದ, ವಾಶಿಯಿಂದ, ನಾನು ಕೇಳಿರದ ಊರುಗಳಿಂದ. ಅವಳು ಕೆಮ್ಮಿದರೆ ಶುಂಠಿ ಕಷಾಯ ಕುಡಿಯಿರಿ ಎಂದು ಹತ್ತಾರು ಜನ ಬರೆಯುತ್ತಿದ್ದರು. ಕಷಾಯ ಮಾಡಿಕೊಡುತ್ತಿದ್ದವನು ನಾನು.

ಲೈವ್‌ನಲ್ಲಿ ನನಗೂ ಒಂದು ಪಾತ್ರವಿತ್ತು. ನಮ್ಮಲ್ಲಿ ಶುಕ್ರವಾರ ನೀರು ಬಂದ್. ಹಾಗಾಗಿ ಗುರುವಾರ ಸಂಜೆ ನೀರು ಬಿಟ್ಟಾಗ ಎಲ್ಲವನ್ನೂ ತುಂಬಿಸಿಡಬೇಕು. ನಮ್ಮ ಮನೆಯಲ್ಲಿ ಅದು ನನ್ನ ಖಾತೆ. ಡ್ರಮ್ಮು, ಬಕೆಟ್ಟು, ಕೊಡಗಳು ಮುಗಿದ ಮೇಲೆ ನಾನು ಕುಕ್ಕರಿಗೂ ಬರುತ್ತೇನೆ. ಶನಿವಾರವೂ ಬರದಿದ್ದರೆ ಎಂಬ ಪ್ರಶ್ನೆ ಕುಕ್ಕರ್ ನೋಡಿದಾಗಲೇ ಹುಟ್ಟುವುದು. ಆ ಧಡಬಡ ಮೈಕಿಗೆ ಬೀಳುತ್ತಿತ್ತು. "ಅದೆಂತ ಇಲ್ಲ, ನಮ್ಮ ಮನೆಯವ್ರು ನೀರು ತುಂಬಿಸ್ತಾ ಇದ್ದಾರೆ," ಎಂದು ಹೆಂಡತಿ ಜನರಿಗೆ ಹೇಳುತ್ತಿದ್ದಳು. ಅವಳ ನೋಡುಗರಿಗೆ ನನ್ನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ನೀರಿನ ಸದ್ದಾಗಿ ಗೊತ್ತು.

ನನಗೆ ಸಲಹೆ ಕೊಡುವ ಚಟವೂ ಇತ್ತು. ನಮ್ಮಪ್ಪ ಜೀವಮಾನವೆಲ್ಲ ಠಾಣೆಯ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತವರು. ನಾನು ಅಲ್ಲಿ ಒಂದು ಲೋಟವನ್ನೂ ತೊಳೆದವನಲ್ಲ, ಆದರೂ ಹೋಟೆಲ್ ಜ್ಞಾನ ನನ್ನ ರಕ್ತದಲ್ಲಿದೆ ಎಂದು ನಂಬಿದ್ದೆ. ಹೆಂಡತಿಯ ಹೋಟೆಲಿನಲ್ಲಿ ಕೈತೊಳೆಯುವ ಬೇಸಿನ್ನು ಒಳಗಿನ ಮೂಲೆಯಲ್ಲಿತ್ತು. ಗಿರಾಕಿಗಳು ಕೈ ತೊಳೆಯಲು ಹೋಗಿ ಬರುವಾಗ ಇಡ್ಲಿ ಹಿಡಿದು ಬರುವ ಹುಡುಗರಿಗೆ ಡಿಕ್ಕಿ ಹೊಡೆಯುತ್ತಿದ್ದರು.

"ಬೇಸಿನ್ ಬಾಗಿಲ ಹತ್ತಿರ ತಾ," ಎಂದೆ ಒಂದು ದಿನ.

"ನೀವು ಸುಮ್ಮನಿರಿ ಮಾರಾಯ್ರೆ. ಹಿಂದೆ ನಿಂತ್ಕೊಂಡು ಹೇಳುವುದು ಸುಲಭ."

"ಅಪ್ಪನ ಹೋಟೆಲಿನಲ್ಲಿ ಹಾಗೇ ಇತ್ತು."

"ಅಪ್ಪನ ಹೋಟೆಲ್ ಅಲ್ಲ, ಅಪ್ಪ ಇದ್ದ ಹೋಟೆಲ್. ಗ್ಯಾಸ್ ಆಫ್ ಮಾಡಿದ್ರಾ?"

ಗ್ಯಾಸ್ ಎಂದರೆ ನಾನು ಓಡುತ್ತೇನೆಂದು ಅವಳಿಗೆ ಗೊತ್ತು. ಓಡಿದೆ. ಆಫ್ ಆಗಿತ್ತು.

ಹೀಗಿರುವಾಗ ಅವಳು ತನ್ನ ಸೇವ್ ಫೈಲನ್ನು ಲೈವ್‌ನ ಕೆಳಗೆ ಲಿಂಕು ಹಾಕಿ ಎಲ್ಲರಿಗೂ ಕೊಟ್ಟುಬಿಟ್ಟಳು. ಆಟವನ್ನು ಎಲ್ಲಿ ನಿಲ್ಲಿಸಿದರೋ ಅಲ್ಲಿಯವರೆಗಿನದೆಲ್ಲ ಆ ಒಂದು ಫೈಲಿನಲ್ಲಿರುತ್ತದೆ: ಮೇಜುಗಳು, ಹುಡುಗರು, ಒಲೆಯ ಮೇಲಿನ ಸಾಂಬಾರು ಸಮೇತ. ಅದನ್ನು ಬೇರೆಯವರು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡರೆ ಅವಳ ಹೋಟೆಲಿನ ಮರುದಿನ ಬೆಳಿಗ್ಗೆಯಿಂದ ಅವರೇ ಮಾಲೀಕರು. ಅವಳದ್ದು ಅವಳಿಗೆ ಹಾಗೇ ಇರುತ್ತದೆ, ಏನೂ ಕಡಿಮೆಯಾಗುವುದಿಲ್ಲ. ಮಗಳು ಇದನ್ನು ನನಗೆ ಮೂರು ಭಾಷೆಗಳಲ್ಲಿ ವಿವರಿಸಿದಳು. ಕಡಿಮೆಯಾಗದಿದ್ದರೂ ನನಗೆ ಮನೆಯ ಬೀಗದ ಕೈಯನ್ನು ಸ್ಟೇಶನ್ನಿನ ಸೇತುವೆಯ ಮೇಲೆ ನಿಂತು ಹಂಚಿದ ಹಾಗೆ ಕಂಡಿತು.

"ವಾರಕ್ಕೆ ಎರಡೇ ಸಲ ನನಗೆ ಆಡ್ಲಿಕ್ಕೆ ಆಗುವುದು. ನಿಮಗೆ ತಾಳ್ಮೆ ಇಲ್ಲ. ತಗೊಳ್ಳಿ, ನೀವೇ ಮುಂದೆ ನಡೆಸಿ, ನನಗೆ ಕಳಿಸಿ, ನೋಡುವ," ಎಂದು ಲೈವ್‌ನಲ್ಲಿ ಹೇಳಿದಳು. ಮುಂದಿನ ಭಾನುವಾರದಿಂದ ಜನ ತಾವು ಮುಂದುವರಿಸಿದ ಹೋಟೆಲುಗಳನ್ನು ಕಳಿಸತೊಡಗಿದರು. ಒಬ್ಬರು ಎಲ್ಲ ಹುಡುಗರನ್ನು ಬಿಡಿಸಿ ಸಾಲಕ್ಕೆ ಬಿದ್ದಿದ್ದರು. ಒಬ್ಬರು ಅಡುಗೆಮನೆಯನ್ನೇ ಮುಚ್ಚಿ ಬರೀ ಚಹಾ ಮಾರುತ್ತಿದ್ದರು. ಅವಳು ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ನಾನು ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನನ್ನೆದುರು ಅವಳು ಹಾಗೆ ನಕ್ಕದ್ದು ಯಾವಾಗ ಎಂದು ಲೆಕ್ಕ ಹಾಕುತ್ತಿದ್ದೆ.

ಆಗ ಬಂದರು ಸಾನಪಾಡಾದವರು. ಹೆಸರಿನ ಜಾಗದಲ್ಲಿ ಒಂದು ದಾಸವಾಳದ ಚಿತ್ರ, ಪಕ್ಕದಲ್ಲಿ ಊರು, ಅಷ್ಟೇ. ಹೆಂಡತಿ ಅವರ ಹೋಟೆಲು ತೆರೆದಳು. ಗಿರಾಕಿಗಳು ಬಂದು ಹೋಗುವುದನ್ನು ನೋಡಿದಳು. ಆಮೇಲೆ, "ಅಬ್ಬ, ನೋಡಿ ಇವ್ರು ಎಷ್ಟು ಬುದ್ಧಿವಂತರು. ಬೇಸಿನ್ ಬಾಗಿಲ ಹತ್ತಿರ ತಂದಿದ್ದಾರೆ. ಯಾರೂ ಯಾರಿಗೂ ತಾಗ್ತಾ ಇಲ್ಲ. ನನಗೆ ಇದು ಹೊಳೆಯಲೇ ಇಲ್ವಲ್ಲ."

ನನ್ನ ಕೈಯಲ್ಲಿ ಅವಳದ್ದೇ ಒಂದು ಸೀರೆ ಅರ್ಧ ಮಡಚಿದ್ದಿತ್ತು. ಅದನ್ನು ಹಾಗೇ ಬಿಟ್ಟು ಹೊರಗೆ ಬಂದು ಕ್ಯಾಮೆರಾದ ಆಚೆ ನಿಂತೆ. ಅವಳು ನನ್ನನ್ನು ನೋಡಿದಳು. ನಾನು ಬೇಸಿನ್ನಿನ ಕಡೆ ಬೆರಳು ತೋರಿಸಿ ಆಮೇಲೆ ನನ್ನ ಎದೆಯ ಕಡೆ ತೋರಿಸಿದೆ. ಅವಳು ಮೈಕಿಗೆ ಕೈ ಅಡ್ಡ ಹಿಡಿದು, "ಎಂತ, ಎದೆ ಉರಿಯಾ?" ಎಂದಳು.

ಹೌದು, ಅದೇ.

ಅಂದಿನಿಂದ ಪ್ರತಿ ಲೈವ್‌ನಲ್ಲೂ ಅವರ ಮಾತು. ಸಾನಪಾಡಾದವರು ಹೀಗೆ ಮಾಡಿದ್ದಾರೆ, ಸಾನಪಾಡಾದವರನ್ನು ಕೇಳಬೇಕು. ಊಟಕ್ಕೆ ಕೂತಾಗಲೂ. ನನಗೆ ಅವರ ವಯಸ್ಸು ಗೊತ್ತಿರಲಿಲ್ಲ, ಹಾಗಾಗಿ ಮೂವತ್ತೈದು ಎಂದು ಇಟ್ಟುಕೊಂಡೆ. ಕೂದಲು ಕೊಟ್ಟೆ, ಬಿಳಿ ಶರ್ಟು ಹಾಕಿಸಿದೆ. ಠಾಣೆಯಲ್ಲಿ ಗಾಡಿ ಹತ್ತಿದರೆ ಎದುರು ಕೂತ ಬಿಳಿ ಶರ್ಟಿನವರೆಲ್ಲ ಅವರೇ. ಒಬ್ಬರು ಫೋನಿನಲ್ಲಿ ನಗುತ್ತಿದ್ದದ್ದನ್ನು ನೋಡಿ ನಾನು ಒಂದು ಸ್ಟೇಶನ್ ಮುಂದೆ ಹೋಗಿ ಕೋಪರಖೈರಣೆಯಲ್ಲಿ ಇಳಿದು ವಾಪಸು ಬಂದಿದ್ದೇನೆ. ಅವರು ನೋಡುತ್ತಿದ್ದದ್ದು ಕ್ರಿಕೆಟ್ಟು.

ಒಂದು ಭಾನುವಾರ ಹೆಂಡತಿ ಹೊಸದೊಂದು ಹೇಳಿದಳು. ತಿಂಗಳ ಕೊನೆಯ ಭಾನುವಾರ, ಬಂದ ಹೋಟೆಲುಗಳನ್ನೆಲ್ಲ ಲೈವ್‌ನಲ್ಲಿ ತಾನೇ ಒಂದೊಂದು ದಿನ ನಡೆಸಿ ನೋಡುತ್ತಾಳೆ. ಚೆನ್ನಾಗಿ ನಡೆದ ಒಂದನ್ನು ಆರಿಸಿ, ಇನ್ನು ಮುಂದೆ ಅಲ್ಲಿಂದಲೇ ಆಡುತ್ತಾಳೆ. ತನ್ನ ಹಳೆಯ ಹೋಟೆಲು ಮುಚ್ಚಿದ ಹಾಗೆ. ಆರಿಸಿದ್ದನ್ನು ಕಳಿಸಿದವರು ಪ್ರತಿ ಲೈವ್‌ನಲ್ಲಿ ಫೋನಿನಲ್ಲಿದ್ದು ಅವಳ ಜೊತೆ ಹೋಟೆಲು ನಡೆಸುತ್ತಾರೆ.

ಆ ಜಾಗ ನನಗೆ ಬೇಕಾಗಿತ್ತು. ಈ ವಯಸ್ಸಿನಲ್ಲಿ, ಮಂಡಿ ನೋವಿನ ಎಣ್ಣೆ ಒಂದೇ ಬಾಟಲಿಯಿಂದ ಹಂಚಿಕೊಳ್ಳುವ ಹೆಂಡತಿಯ ಪಕ್ಕ ಕೂರಲು ಅರ್ಜಿ ಹಾಕಬೇಕಾದ ಸ್ಥಿತಿ ಬಂದಿದೆಯಲ್ಲ ಎಂದು ನಾಚಿಕೆಯೂ ಆಯಿತು. ನೇರವಾಗಿ ಕೇಳಬಹುದಿತ್ತು. ಕೇಳಿದರೆ ಅವಳು ಗ್ಯಾಸ್ ಆಫ್ ಮಾಡಿದಿರಾ ಎಂದರೆ?

ಮಗಳನ್ನು ಹಿಡಿದೆ. ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಆಟ ಹಾಕಿಕೊಡಲು ಹೇಳಿದೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಇದು ನಮ್ಮ ಮನೆಯ ಪದ್ಧತಿ.

"ಅಮ್ಮನಿಗೆ ಹೇಳ್ಬಾರ್ದು," ಎಂದೆ.

"ಪಪ್ಪಾ, ಸೀಧಾ ಮಮ್ಮೀ ಕೋ ಬೋಲೋ ನಾ, ಸಾಥ್ ಮೇ ಖೇಲ್ನಾ ಹೈ."

"ಒಟ್ಟಿಗೆ ಆಡ್ಬೇಕು ಅಂತ ಹಾಗೆಲ್ಲ ಹೇಳ್ಲಿಕ್ಕಾಗುದಿಲ್ಲ."

"ಕ್ಯೂಂ?"

ಯಾಕೆಂದು ಹೇಳುವ ಬದಲು ನಾನು ಲ್ಯಾಪ್‌ಟಾಪಿನ ಧೂಳು ಒರೆಸತೊಡಗಿದೆ. ಅವಳು ನಿಟ್ಟುಸಿರು ಬಿಟ್ಟು ಹೆಂಡತಿಯ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಟ್ಟಳು, ಕಳಿಸಲು ಒಂದು ಸುಳ್ಳು ಹೆಸರನ್ನೂ ಮಾಡಿಕೊಟ್ಟಳು. ಹೆಂಡತಿ ಶನಿವಾರ ಸಂಜೆ ಭಜನೆಗೆ ಹೋಗುತ್ತಾಳೆ. ಅವಳು ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು ನಿಂತ ಕೂಡಲೇ ನಾನು ಅವಳ ಹೋಟೆಲಿನ ಬಾಗಿಲು ತೆರೆಯುತ್ತಿದ್ದೆ.

ಮೊದಲ ಸಲ ಒಳಗೆ ಹೋದಾಗ ವಿಚಿತ್ರವಾಯಿತು. ಅವಳಿಟ್ಟ ಮೇಜುಗಳು, ಅವಳಿಟ್ಟ ಕಿಟಕಿಯ ಗಿಡ. ನಾವು ಮದುವೆಯಾದ ಹೊಸದರಲ್ಲಿ ಕಲ್ಯಾಣದ ಬಾಡಿಗೆಕೋಣೆಯಲ್ಲಿ ಗೋಡೆಗೆ ಹಸಿರು ಬಳಿದಿದ್ದಳು, ಇಲ್ಲೂ ಅದೇ ಹಸಿರು. ಇದನ್ನು ಸಾನಪಾಡಾದವರು ದಿನಾ ನೋಡುತ್ತಾರೆ ಎಂದುಕೊಂಡು ಕೆಲಸಕ್ಕೆ ಇಳಿದೆ. ಬೇಸಿನ್ನು ಬಾಗಿಲಿಗೆ ತಂದೆ. ಕಾಪಿಯ ಕೌಂಟರು ಗಲ್ಲೆಯ ಪಕ್ಕಕ್ಕೆ ತಂದೆ, ದುಡ್ಡು ಕೊಡಲು ನಿಂತವರು ಇನ್ನೊಂದು ಕಾಪಿ ಕುಡಿಯಲಿ ಎಂದು. ಇದು ನಿಜವಾಗಿ ಅಪ್ಪನ ಬುದ್ಧಿ. ಗಿರಾಕಿಗಳ ಮುಖ ಅರಳಿತು. ನಾನು, ಎಲ್ಲದಕ್ಕೂ ಹೆದರುವವನು, ಒಂದು ಪೇಟೆಯ ಜನಕ್ಕೆ ತಿಂಡಿ ಕೊಟ್ಟು ಕಳಿಸುತ್ತಿದ್ದೆ. ಮಗಳು ಹಿಂದಿನಿಂದ ನೋಡಿ, "ಮಸ್ತ್ ಚಲ್ ರಹಾ ಹೈ, ಪಪ್ಪಾ," ಎಂದಳು. ಅವಳು ನನ್ನನ್ನು ಹೊಗಳಿದ್ದು ನಾನು ಅವಳ ರಿಸಲ್ಟಿನ ದಿನ ಅಳದೆ ಇದ್ದದ್ದಕ್ಕೆ, ಆಮೇಲೆ ಇದಕ್ಕೆ.

ಆ ನಡುವೆ ಒಂದು ರಜೆಯ ದಿನ ಸಾನಪಾಡಾದವರು ಮನೆಗೇ ಬಂದುಬಿಟ್ಟರು. ಡೊಂಬಿವಲಿಗೆ ಒಂದು ಮುಂಜಿಗೆ ಬಂದವರು, ಹೆಂಡತಿಯ ಹತ್ತಿರ ವಿಳಾಸ ಕೇಳಿಕೊಂಡು ಹಾಗೇ ಬಂದದ್ದು. ಬಾಗಿಲು ತೆಗೆದೆ. ನಾನು ಕೊಟ್ಟ ಕೂದಲು ಇರಲಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯ, ವಿಜಾಪುರದ ಕಡೆಯವರು, ಕಿವಿಯಲ್ಲಿ ಮಷೀನು, ಪಕ್ಕದಲ್ಲಿ ಹೆಂಡತಿ, ಅವರ ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ.

"ನೀವ ಏನ್ರಿ ನೀರು ತುಂಬಸವ್ರು?" ಎಂದು ನನ್ನ ಕೈ ಹಿಡಿದರು. "ಭಾಳ ಸಂತೋಷ ಆತು. ನಿಮ್ಮ ಸಪ್ಪಳ ಕೇಳಿದ್ರ ನಾ ನಮ್ಮ ಮನ್ಯಾಗ ನಳ ತೆರದದ ಏನಂತ ಎದ್ದು ನೋಡ್ತೀನಿ."

ವಯಸ್ಸಾದವರೆಂದು ತಿಳಿದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಅವರೂ ನನ್ನ ಹೆಂಡತಿಯೂ ಸೋಫಾದಲ್ಲಿ ಕೂತು ಹೋಟೆಲಿನ ಬಗ್ಗೆ ಮಾತಾಡತೊಡಗಿದರು, ದೋಸೆಕಲ್ಲು ಎರಡು ಬೇಕೋ ಮೂರೋ ಎಂದು. ನನ್ನ ಹೆಂಡತಿ ಅವರ ಒಂದೊಂದು ಮಾತಿಗೂ ತಲೆದೂಗುತ್ತಿದ್ದಳು. ನಾನೂ ಅವರ ಹೆಂಡತಿಯೂ ಈಚೆ ಕುರ್ಚಿಗಳಲ್ಲಿ ಉಳಿದೆವು.

"ರಿಟೈರ್ ಆಗಿ ಇಷ್ಟು ವರ್ಷ ಆತು," ಎಂದರು ಆಕೆ ನನಗೆ ಮಾತ್ರ ಕೇಳುವಂತೆ. "ಮನ್ಯಾಗ ಒಂದು ಲೋಟಾ ಎತ್ತಿ ಆಕಡೆ ಇಟ್ಟವರಲ್ಲ. ಅಲ್ಲಿ ನೋಡಿದ್ರ ನಿಮ್ಮ ಮನಿಯವರ ಹೋಟೆಲ್ ಪೂರಾ ತೊಳೀತಾರ."

"ನಿಮಗೆ ಬೇಜಾರಾಗ್ತದಾ?"

"ಬ್ಯಾಸರಾ? ಹೊಟ್ಟಿ ಉರೀತದ್ರಿ," ಎಂದರು, ಬಿಸ್ಕೆಟ್ಟು ಚಹಾದಲ್ಲಿ ಅದ್ದುತ್ತಾ. "ನಿಮಗ?"

"ನನಗೆ ಹಾಗೇನಿಲ್ಲ," ಎಂದೆ. ಆಕೆ ನನ್ನ ಮುಖ ನೋಡಿ ಇನ್ನೊಂದು ಬಿಸ್ಕೆಟ್ಟು ನನ್ನ ಕಡೆ ಸರಿಸಿದರು.

ಹೋಗುವಾಗ ಅವರು ಬಾಗಿಲಲ್ಲಿ ನಿಂತು, "ಈ ಸಲ ಭಾಳ ಛಲೋ ಹೋಟೆಲ್ ಕಳಸ್ತೀನಿ, ನೋಡ್ರಿ ಅಕ್ಕಾರ," ಎಂದು ನನ್ನ ಹೆಂಡತಿಗೆ ಹೇಳಿದರು. ಎಪ್ಪತ್ತರ ಮನುಷ್ಯ ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಾರೆ, ಅದರಲ್ಲಿ ಹೊಟ್ಟೆಕಿಚ್ಚಿಗೆ ಜಾಗವೆಲ್ಲಿ? ನಾನು ಹುಡುಕಿದೆ, ಸಿಕ್ಕಿತು. ಅವಳ ಜೊತೆ ಅಷ್ಟು ಸಲೀಸಾಗಿ ಮಾತಾಡಲು ನನಗೆ ಬರುವುದಿಲ್ಲ.

ಕಳಿಸಬೇಕಾದ ಶನಿವಾರ ಬಂತು. ನನ್ನ ಹೋಟೆಲು ನಿಜವಾಗಿ ಚೆನ್ನಾಗಿತ್ತು. ಸಂಜೆ ಬಾಗಿಲು ಮುಚ್ಚಿ, ಸೇವ್ ಮಾಡುವ ಮುಂಚೆ ಒಮ್ಮೆ ಎಲ್ಲ ಸರಿಯಿದೆಯೇ ನೋಡಿದೆ. ಆಗ ಕಣ್ಣಿಗೆ ಬಿತ್ತು, ಆಟದ ಗೋಡೆಯ ಕ್ಯಾಲೆಂಡರು. ಅಲ್ಲಿ ಅಂದು ಗುರುವಾರ. ಹೆಂಡತಿ ನಾಳೆ ಈ ಹೋಟೆಲು ತೆರೆದರೆ ಅಲ್ಲಿ ಶುಕ್ರವಾರ.

ಆ ಪೇಟೆಯಲ್ಲಿ ನೀರು ನಿಲ್ಲುವುದೇ ಇಲ್ಲ, ನೀರಿಗೆ ಲೆಕ್ಕವೂ ಇಲ್ಲ. ಅದು ನನಗೆ ಗೊತ್ತಿತ್ತೆಂದೇ ನೆನಪು. ಆದರೆ ಗುರುವಾರ ಸಂಜೆ ಎಂದು ಕಂಡ ಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಸಾಮಾನಿನ ಪಟ್ಟಿಯಲ್ಲಿ ಡ್ರಮ್ಮುಗಳಿದ್ದವು, ಸುಮ್ಮನೆ ಚಂದಕ್ಕೆ ಇಡುವಂಥವು. ಅಡುಗೆಮನೆಯ ಪಕ್ಕ ಎರಡಿಟ್ಟೆ. ಗಿರಾಕಿಗಳು ಹೆಚ್ಚಿದ್ದಾರಲ್ಲ ಎಂದು ಇನ್ನೆರಡು. ಅಡುಗೆಮನೆಯಲ್ಲಿ ಜಾಗ ಮುಗಿಯಿತು, ಬೇಸಿನ್ನಿನ ಹತ್ತಿರವೂ ಬೇಕಲ್ಲ ಎಂದು ಬಾಗಿಲವರೆಗೆ ಸಾಲಾಗಿ ಇಡುತ್ತಾ ಬಂದೆ.

"ಪಪ್ಪಾ, ಇತ್ನೇ ಡ್ರಮ್ ಕಶಾಲಾ?" ಎಂದಳು ಮಗಳು.

"ಎಷ್ಟಿದ್ದರೂ ಬೇಕಾಗ್ತದೆ," ಎಂದು ಕಳಿಸಿದೆ. ಮೆಟ್ಟಿಲಲ್ಲಿ ಆಗಲೇ ಚಪ್ಪಲಿಯ ಸದ್ದು.

ಭಾನುವಾರ ಮಧ್ಯಾಹ್ನ ನಾನು ಒಳಕೋಣೆಯಲ್ಲಿ ತೊಂಡೆಕಾಯಿ ಹೆಚ್ಚಲು ಕೂತೆ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅವಳ ಲೈವ್ ಹಚ್ಚಿದೆ. ಲೈವ್ ಎಂದರೂ ಫೋನಿಗೆ ಸ್ವಲ್ಪ ತಡವಾಗಿ ಬರುತ್ತದೆ. ಹಾಗಾಗಿ ಅವಳ ಮಾತು ಮೊದಲು ಗೋಡೆಯಾಚೆಯಿಂದ, ಆಮೇಲೆ ಫೋನಿನಿಂದ ಕೇಳುತ್ತಿತ್ತು. ಸಾನಪಾಡಾದವರದ್ದು ಮೊದಲೇ ಬಂತು. ದೋಸೆಕಲ್ಲು ಮೂರು. ದಿನ ಹಬ್ಬದಂತೆ ನಡೆಯಿತು. ಅವಳು ಹೊಗಳಿದಳು, ಎರಡೆರಡು ಸಲ ಕೇಳಿಸಿತು.

ಕೊನೆಗೆ ನನ್ನದು. "ಇವ್ರು ಹೊಸಬರು," ಎಂದಳು. "ಕಾಪಿ ಗಲ್ಲೆಯ ಹತ್ತಿರ ಇಟ್ಟಿದ್ದಾರೆ. ಇದು ಚೆನ್ನಾಗುಂಟು, ಇದು ಯಾರಿಗೂ ಹೊಳೆದಿಲ್ಲ." ನಾನು ಚಾಕು ಕೆಳಗಿಟ್ಟೆ. ಬಾಗಿಲು ತೆರೆದಳು. ಗಿರಾಕಿಗಳು ಸಾಲಾಗಿ ಬಂದರು, ಬಾಗಿಲಲ್ಲಿ ನಿಂತರು, ಮುಖ ಕೆಂಪಗೆ ಮಾಡಿಕೊಂಡು ತಿರುಗಿ ಹೋದರು. ಇನ್ನಷ್ಟು ಬಂದರು, ನಿಂತರು, ಹೋದರು. ಒಳಗೆ ಕಾಲಿಡಲು ಜಾಗವಿರಲಿಲ್ಲ.

"ಇದೆಂತ, ಇಷ್ಟು ಡ್ರಮ್ಮು?"

ಫೋನಿನ ಮೂಲೆಯಲ್ಲಿ ಜನರ ಮಾತುಗಳು ಹರಿಯತೊಡಗಿದವು. ಕಲ್ಯಾಣದವರು ಯಾರೋ ಬರೆದರು: ಆಟದಲ್ಲಿ ಇವತ್ತು ಶುಕ್ರವಾರ, ಅಕ್ಕ. ಅದರ ಕೆಳಗೆ ಇನ್ನೊಬ್ಬರು: ಇದು ನಿಮ್ಮ ಮನೆಯವರದ್ದೇ. ದಾಸವಾಳದ ಚಿತ್ರದ ಪಕ್ಕದಲ್ಲಿ: ನೀರು ತುಂಬಸ್ಯಾರ ನೋಡ್ರಿ.

ಅವಳ ನಗು ಮೊದಲು ಗೋಡೆಯಾಚೆಯಿಂದ ಬಂತು. ನಾನು ಏಳುವಷ್ಟರಲ್ಲಿ ಫೋನಿನಿಂದಲೂ ಬಂತು. ಒಬ್ಬಳೇ ಹೆಂಡತಿ ಒಂದೇ ನಗುವನ್ನು ಎರಡು ಸಲ ನಗುವುದನ್ನು ಕೇಳಿಸಿಕೊಂಡ ಗಂಡಂದಿರು ಕಡಿಮೆಯಿರಬಹುದು. ಅವಳು ಸಾನಪಾಡಾದವರನ್ನೇ ಆರಿಸಿದಳು. ನ್ಯಾಯವಾಗಿತ್ತು. ನಾನೇ ತೀರ್ಪುಗಾರನಾಗಿದ್ದರೂ ಬಾಗಿಲಲ್ಲೇ ಜನ ತಿರುಗಿ ಹೋಗುವ ಹೋಟೆಲನ್ನು ಆರಿಸುತ್ತಿರಲಿಲ್ಲ.

ಲೈವ್ ಮುಗಿಸಿ ಒಳಗೆ ಬಂದಳು. ತೊಂಡೆಕಾಯಿ ನೋಡಿದಳು. "ಇಷ್ಟು ದಪ್ಪ ಹೆಚ್ಚಿದ್ರೆ ಬೇಯುವುದು ಯಾವಾಗ?" ಎಂದಳು. ನಾನು ಚಾಕು ಮತ್ತೆ ಎತ್ತಿಕೊಂಡೆ. ಅಲ್ಲಿಂದಾಚೆಗೆ ಪ್ರತಿ ಲೈವ್‌ನಲ್ಲಿ ಸ್ಪೀಕರಿನಿಂದ ಸಾನಪಾಡಾದವರ ದನಿ ನಮ್ಮ ಹಾಲ್ ತುಂಬತೊಡಗಿತು. "ಹೌದ್ರಿ ಅಕ್ಕಾರ, ಛಲೋ ಆತು." ಗುರುವಾರ ನಾನು ಕೊಡಗಳನ್ನು ಬೇಕೆಂದೇ ಸ್ವಲ್ಪ ಜೋರಾಗಿ ಇಡುತ್ತಿದ್ದೆ.

ಎರಡು ಮೂರು ವಾರ ಕಳೆದ ಮೇಲೆ ಒಂದು ಶನಿವಾರ, ಅವಳು ಭಜನೆಗೆ ಹೋದಾಗ, ಹಳೇ ಲ್ಯಾಪ್‌ಟಾಪ್ ತೆರೆದೆ. ನನ್ನ ಹೋಟೆಲನ್ನು ಅಳಿಸಿಬಿಡುವ ಯೋಚನೆಯಿತ್ತು. ಪಟ್ಟಿಯಲ್ಲಿ ನನ್ನ ಫೈಲಿನ ಮೇಲೆ ಇನ್ನೊಂದು ಫೈಲು ಕೂತಿತ್ತು. ಮಗಳು ಅಲ್ಲಿರಲಿಲ್ಲ ಕೇಳಲು. ತೆರೆದೆ.

ನನ್ನ ಹೋಟೆಲೇ. ಆದರೆ ಅಲ್ಲಿ ಮಳೆಗಾಲ ಮುಗಿದು ಚಳಿ ಬಂದಿತ್ತು, ಯಾರೋ ಎಷ್ಟೋ ದಿನ ನಡೆಸಿದ್ದರು. ಡ್ರಮ್ಮುಗಳು ಬಾಗಿಲಿನಿಂದ ಹೋಗಿದ್ದವು. ಹುಡುಕಿದೆ. ಹಿಂದಿನ ಅಂಗಳದಲ್ಲಿ ಗೋಡೆಗೆ ಒತ್ತಿ ಸಾಲಾಗಿ ನಿಲ್ಲಿಸಲಾಗಿತ್ತು, ಒಂದೂ ಕಡಿಮೆಯಿಲ್ಲದೆ. ಕೆಲವುಗಳ ಮೇಲೆ ಹೆಂಡತಿ ಕಿಟಕಿಯಲ್ಲಿಟ್ಟಂಥದೇ ಗಿಡದ ಕುಂಡ. ಕಾಪಿಯ ಕೌಂಟರು ನಾನಿಟ್ಟಲ್ಲೇ ಇತ್ತು, ಅದರೆದುರು ಜನ ಕ್ಯೂ ನಿಂತಿದ್ದರು. ಗೋಡೆಗಳು ಆ ಹಸಿರು.

ನಾನು ಇಲ್ಲದ ಮಧ್ಯಾಹ್ನಗಳಲ್ಲಿ, ಯಾರಿಗೂ ತೋರಿಸದೆ, ಹೆಂಡತಿ ನನ್ನದನ್ನು ಮುಂದುವರಿಸಿದ್ದಳು. ಮನಸ್ಸು ತುಂಬಿ ಬಂತು ಎಂದು ಬರೆಯಬೇಕು. ಬಂತು ಕೂಡ. ಆದರೆ ಅದರ ಬೆನ್ನಿಗೇ, ನಾನು ತಿಣುಕಾಡಿದ್ದನ್ನು ಇವಳು ಎಷ್ಟು ಸುಲಭವಾಗಿ ನಡೆಸಿದ್ದಾಳೆ, ಗಿರಾಕಿಗಳ ಮುಖ ನನಗೆ ಅರಳಿದ್ದಕ್ಕಿಂತ ಇವಳಿಗೆ ಹೆಚ್ಚು ಅರಳಿದೆಯಲ್ಲ ಎಂದೂ ಅನ್ನಿಸಿತು. ಒಂದು ದಿನದ ಹೋಟೆಲು ನಡೆಸಿದೆ. ಸೇವ್ ಮಾಡಿದೆ. ಮುಂದಿನ ಶನಿವಾರ ನೋಡಿದರೆ ಅಲ್ಲಿಂದ ಮುಂದೆ ಮತ್ತೆ ನಾಲ್ಕಾರು ದಿನ ನಡೆದಿತ್ತು. ಇಬ್ಬರೂ ಈ ಬಗ್ಗೆ ಮಾತಾಡಲಿಲ್ಲ.

ಮಾತಾಡದೆ ಇರಲು ನನಗೆ ಎಷ್ಟು ದಿನ ಸಾಧ್ಯ? ಒಂದು ಗುರುವಾರ ಸಂಜೆ ಅವಳು ಲೈವ್‌ಗೆಂದು ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಕೊಡ ಹಿಡಿದು ಬಾಗಿಲಲ್ಲಿ ನಿಂತೆ.

"ಆ ಲ್ಯಾಪ್‌ಟಾಪಿನದ್ದು," ಎಂದೆ.

"ಎಂತ ಅದಕ್ಕೆ?"

"ಅದನ್ನು ಕೊಟ್ಟಿಲ್ಲವಷ್ಟೇ? ಲಿಂಕು."

"ಯಾರಿಗೆ?"

"ಯಾರಿಗೂ. ಸಾನಪಾಡಾಕ್ಕೆ."

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. ಬಾಚಣಿಗೆಯ ಕೂದಲು ಬಿಡಿಸಿ ಸುತ್ತಿದಳು.

"ಅದಕ್ಕೆ ಲಿಂಕ್ ಇಲ್ಲ," ಎಂದಳು. "ಹೋಗಿ, ನೀರು ಬಂತು."